ಯಾರ್ಕ್‌ನಲ್ಲಿ ಒಳ್ಳೆ ಫೋಟೋ ಬೇಕಾ? ಒಂದು ರಾತ್ರಿ ಅಲ್ಲೇ ಉಳಿಯಿರಿ

ಇಂಗ್ಲೆಂಡಿನ ಉತ್ತರ ಭಾಗದ ಹಳೆ ಊರು ಯಾರ್ಕ್‌ಗೆ ನಾನು ಮೊದಲ ಸಲ ಹೋದದ್ದು ಆಗಸ್ಟ್ ತಿಂಗಳ ಒಂದು ಶನಿವಾರ. ಲೀಡ್ಸ್‌ನಲ್ಲಿ ನಮ್ಮ ಮನೆ, ಅಲ್ಲಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಅರ್ಧ ಗಂಟೆ, ಹಾಗಾಗಿ ಹನ್ನೊಂದಕ್ಕೆ ಇಳಿದು ನಾಲ್ಕಕ್ಕೆ ವಾಪಸ್ ರೈಲು ಹತ್ತಿದೆವು. ಮನೆಗೆ ಬಂದು ಫೋನ್ ನೋಡಿದರೆ ಇನ್ನೂರು ಫೋಟೋ. ಎಲ್ಲದರಲ್ಲೂ ಯಾರ್ಯಾರದೋ ತಲೆ, ಯಾರ್ಯಾರದೋ ಬೆನ್ನುಚೀಲ, ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಆಕಾಶ. ಈ ಏಪ್ರಿಲ್ ಮೊದಲ ವಾರ ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾಗ ಮತ್ತೆ ಹೋದೆವು. ಈ ಸಲ ಒಂದು ರಾತ್ರಿ ಉಳಿದೆವು. ಜಾಗಗಳು ಅವೇ, ಫೋನೂ ಅದೇ. ಆದರೆ ಫೋಟೋ ನೋಡಿದವರೆಲ್ಲ ಇದು ಯಾವ ಊರು ಅಂತ ಕೇಳಿದರು.

ಯಾರ್ಕ್‌ನಲ್ಲಿ ಎಲ್ಲಿ ನಿಲ್ಲಬೇಕು ಅನ್ನೋದಕ್ಕಿಂತ ಯಾವ ಹೊತ್ತಿಗೆ ನಿಲ್ಲಬೇಕು ಅನ್ನೋದು ಮುಖ್ಯ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರು ಪ್ರವಾಸಿಗರದ್ದು. ಅದಕ್ಕೆ ಮುಂಚೆ, ಅದಾದ ಮೇಲೆ, ನಿಮ್ಮದು. ನಾವು ಮಾಡಿದ ಹಾಗೆ ಮಧ್ಯಾಹ್ನ ಇಳಿದು ಮರುದಿನ ಸಂಜೆ ಹೊರಡಿ. ಲಂಡನ್‌ನಿಂದ ಬರೋರಿಗೂ ಇದೇ ಸರಿ, ಅಲ್ಲಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಸುಮಾರು ಎರಡು ಗಂಟೆಯ ದಾರಿ. ಟಿಕೆಟ್ ಕೆಲವು ವಾರ ಮುಂಚೆ ತೆಗೆದರೆ ತುಂಬಾ ಅಗ್ಗ, ಅದೇ ದಿನ ತೆಗೆದರೆ ಕೈ ಸುಡುತ್ತದೆ.

ರೈಲಿನಿಂದ ಇಳಿದ ಕೂಡಲೇ ಹೊರಗೆ ಓಡಬೇಡಿ. ನಿಲ್ದಾಣವೇ ಚೆಂದ. 1877ರಲ್ಲಿ ಕಟ್ಟಿದ್ದು, ಹಳಿಗಳು ಬಾಗಿರುವುದರಿಂದ ಮೇಲಿನ ಕಬ್ಬಿಣ-ಗಾಜಿನ ಚಾವಣಿಯೂ ಜೊತೆಗೇ ಬಾಗಿದೆ. ಪ್ಲಾಟ್‌ಫಾರ್ಮ್ ದಾಟುವ ಮೇಲ್ಸೇತುವೆ ಮೇಲೆ ನಿಂತು ಆ ಕಮಾನುಗಳ ಸಾಲು ಪೂರ್ತಿ ಬರುವ ಹಾಗೆ ಒಂದು ತೆಗೆಯಿರಿ.

ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ. ಇಂಗ್ಲೆಂಡಿನಲ್ಲಿ ಇಷ್ಟು ಉದ್ದದ ಊರಗೋಡೆ ಇನ್ನೆಲ್ಲೂ ಉಳಿದಿಲ್ಲ, ಸುಮಾರು 3.4 ಕಿಲೋಮೀಟರ್. ಅದರ ಇಳಿಜಾರಿನಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಡ್ಯಾಫೊಡಿಲ್ ಹೂವು. ಹಳದಿ ಹಾಸಿದ ಹಾಗೆ. ಅಮ್ಮ ಅದನ್ನು ನೋಡಿ, ಇದನ್ನ ಯಾರೂ ಕೀಳಲ್ವಾ ಅಂತ ಕೇಳಿದಳು. ಯಾರೂ ಕೀಳುವುದಿಲ್ಲ, ನೀವೂ ಹೂವಿನ ನಡುವೆ ಇಳಿದು ಕೂರಬೇಡಿ, ಕೆಳಗಿನ ಕಾಲುದಾರಿಯಿಂದಲೇ ಫೋಟೋ ಚೆನ್ನಾಗಿ ಬರುತ್ತದೆ. ಹೂವು ಬೇಕು ಅನ್ನೋರು ಈ ದಿನಗಳನ್ನೇ ನೋಡಿಕೊಂಡು ಬನ್ನಿ, ಮೇ ತಿಂಗಳಲ್ಲಿ ಬಂದರೆ ಬರೀ ಹುಲ್ಲು.

ಗೋಡೆ ಹತ್ತಲು ದುಡ್ಡಿಲ್ಲ. ಬೆಳಿಗ್ಗೆ ಎಂಟರ ಸುಮಾರಿಗೆ ಬಾಗಿಲು ತೆಗೆದು, ಕತ್ತಲಾಗುವಾಗ ಹಾಕುತ್ತಾರೆ. ನೆಲ ಹಿಮಗಟ್ಟಿದ ದಿನ ತೆಗೆಯುವುದೇ ಇಲ್ಲ. ಮಧ್ಯಾಹ್ನ ಬರೋರು ಮೊದಲು ನಿಲ್ದಾಣದ ಎದುರಿನ ಭಾಗವನ್ನೇ ಹತ್ತಿ. ಮಿಕಲ್‌ಗೇಟ್ ಬಾರ್ ಅನ್ನೋ ಹಳೆ ಹೆಬ್ಬಾಗಿಲ ಕಡೆಯಿಂದ ಲೆಂಡಲ್ ಸೇತುವೆ ಕಡೆಗೆ ನಡೆದರೆ ಗೋಡೆಯ ಮೇಲಿನ ಕಲ್ಲುಹಾದಿ ಮೆಲ್ಲಗೆ ಬಾಗುತ್ತಾ ಹೋಗುತ್ತದೆ, ಅದರ ಕೊನೆಗೆ ಮನೆಗಳ ಮೇಲೆ ಮಿನ್‌ಸ್ಟರ್, ಅಂದರೆ ಊರಿನ ದೊಡ್ಡ ಚರ್ಚು, ಎದ್ದು ನಿಲ್ಲುತ್ತದೆ. ಪೋಸ್ಟ್‌ಕಾರ್ಡ್‌ಗಳಲ್ಲಿ ಬರುವ ನೋಟ ಇದೇ. ನಾಲ್ಕರ ಮೇಲೆ ಹೋಗಿ, ಆಗ ಬಿಸಿಲು ನಿಮ್ಮ ಬೆನ್ನಿಗೆ ಬಂದು ಮಿನ್‌ಸ್ಟರ್ ಮುಖಕ್ಕೆ ಬೀಳುತ್ತದೆ. ಅದರ ಕಲ್ಲು ಕೆನೆ ಬಣ್ಣದ ಸುಣ್ಣಕಲ್ಲು, ಸಂಜೆ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಇದೇ ಜಾಗ ಸಪ್ಪೆ.

ಈ ಊರಿನ ಹೆಸರುಗಳ ಬಗ್ಗೆ ಒಂದು ಮಾತು, ಇಲ್ಲದಿದ್ದರೆ ದಾರಿ ತಪ್ಪುತ್ತೀರಿ. ಇಲ್ಲಿ 'ಗೇಟ್' ಅಂದರೆ ಬೀದಿ, 'ಬಾರ್' ಅಂದರೆ ಹೆಬ್ಬಾಗಿಲು. ರೋಮನ್ನರು ಕ್ರಿ.ಶ. 71ರಲ್ಲಿ ಕಟ್ಟಿದ ಎಬೊರಾಕಮ್ ಇದು, 866ರಲ್ಲಿ ವೈಕಿಂಗರು ಹಿಡಿದ ಮೇಲೆ ಯೋರ್ವಿಕ್ ಆಯಿತು, ಬೀದಿಗೆ ಗೇಟ್ ಅನ್ನೋದು ಅವರ ಮಾತು. ಹಾಗಾಗಿ ಸ್ಟೋನ್‌ಗೇಟ್ ಹುಡುಕುವಾಗ ಬಾಗಿಲು ಹುಡುಕಬೇಡಿ.

ಸಂಜೆ ಹೊಳೆ ಕಡೆ ಹೋಗಿ. ಊಜ್ ನದಿ ಊರಿನ ನಡುವೆಯೇ ಹರಿಯುತ್ತದೆ. ಏಪ್ರಿಲ್ ಮೊದಲ ವಾರ ಸೂರ್ಯ ಮುಳುಗೋದು ಏಳೂ ಮುಕ್ಕಾಲರ ಸುಮಾರಿಗೆ. ಮುಳುಗಿ ಇಪ್ಪತ್ತು ನಿಮಿಷ ಕಾಯಿರಿ. ಆಕಾಶ ಇನ್ನೂ ಕಡುನೀಲಿ ಇರುವಾಗ ದಡದ ದೀಪಗಳು ಹತ್ತುತ್ತವೆ, ಊಜ್ ಸೇತುವೆ ಮೇಲಿಂದ ಕಿಂಗ್ಸ್ ಸ್ಟೇತ್ ಕಟ್ಟೆಯ ಕಡೆ ನೋಡಿದರೆ ಅಲ್ಲಿನ ಕಟ್ಟಡಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಮಳೆಗಾಲ ಅಂತ ಬೇರೆ ಇಲ್ಲದ ದೇಶ, ಆದರೂ ಚಳಿಗಾಲದಲ್ಲಿ ಜಾಸ್ತಿ ಮಳೆ ಬಿದ್ದರೆ ಈ ಕಟ್ಟೆ ಪೂರ್ತಿ ಮುಳುಗುತ್ತದೆ, ಹೊರಡುವ ಮುಂಚೆ ನೀರಿನ ಮಟ್ಟ ನೋಡಿಕೊಳ್ಳಿ.

ರಾತ್ರಿ ಊಟ ಮುಗಿಸಿ ಹೈ ಪೀಟರ್‌ಗೇಟ್ ಬೀದಿಯಲ್ಲಿ ಸುಮ್ನೆ ನಡೆದೆವು. ಬೂಥಮ್ ಬಾರ್ ಕಡೆಯಿಂದ ಒಳಗೆ ಬಂದರೆ ಇಕ್ಕಟ್ಟಾದ ಮನೆಗಳ ನಡುವೆ ದೀಪ ಬಿದ್ದ ಮಿನ್‌ಸ್ಟರ್ ಗೋಪುರ ಇದ್ದಕ್ಕಿದ್ದ ಹಾಗೆ ಎದುರಾಗುತ್ತದೆ. ಪೂರ್ತಿ ಕಟ್ಟಡ ಒಂದೇ ಫೋಟೋದಲ್ಲಿ ಬರಬೇಕು ಅಂತ ಎಲ್ಲರೂ ಹಿಂದೆ ಹಿಂದೆ ಸರಿಯುತ್ತಾರೆ. ಬರುವುದಿಲ್ಲ, ಬಂದರೂ ಜೀವ ಇರುವುದಿಲ್ಲ. ಎರಡು ಗೋಡೆಗಳ ನಡುವೆ ಕಾಣುವ ಒಂದು ತುಂಡೇ ಸಾಕು. ಇದಕ್ಕೆ ಇನ್ನೂ ಒಳ್ಳೆ ಜಾಗ ಪ್ರಿಸೆಂಟರ್ಸ್ ಕೋರ್ಟ್ ಅನ್ನೋ ಸಣ್ಣ ಓಣಿ, ಮಿನ್‌ಸ್ಟರ್‌ನ ಪಶ್ಚಿಮ ಮುಖದ ಹತ್ತಿರವೇ ಇದೆ. ನಾವು ಅಲ್ಲಿ ಕಾಲು ಗಂಟೆ ನಿಂತಿದ್ದೆವು, ಒಬ್ಬರೂ ಬರಲಿಲ್ಲ.

ಈಗ ಶ್ಯಾಂಬಲ್ಸ್. ಯಾರ್ಕ್ ಅಂದರೆ ಎಲ್ಲರಿಗೂ ನೆನಪಾಗುವ ಬೀದಿ. ಬೆಳಿಗ್ಗೆ ಆರೂವರೆಗೆ ಬೆಳಕಾಗುವ ಹೊತ್ತಿಗೆ ಅಲ್ಲಿರಿ. ಇದರಲ್ಲಿ ರಾಜಿ ಬೇಡ. ಎಂಟರ ಮೇಲೆ ಸುತ್ತಮುತ್ತ ಅಂಗಡಿಗಳಿಗೆ ಸಾಮಾನು ತರುವ ವ್ಯಾನುಗಳು ಸೇರುತ್ತವೆ, ನಡುವಿನ ಬೀದಿಗಳಿಗೆ ಗಾಡಿ ಬರೋದು ನಿಲ್ಲುವುದು ಹತ್ತೂವರೆಗೆ, ಅಷ್ಟರಲ್ಲಿ ಜನ ತುಂಬಿರುತ್ತಾರೆ. ಮಾಯಾಮಂತ್ರದ ಸಾಮಾನು ಮಾರುವ ಅಂಗಡಿಗಳ ಮುಂದೆ ಮಧ್ಯಾಹ್ನ ಬೀದಿಯುದ್ದಕ್ಕೂ ಸಾಲು.

ಇದು ಹಿಂದೆ ಕಟುಕರ ಬೀದಿಯಾಗಿತ್ತು. ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು-ಆಸ್ತಿ ಲೆಕ್ಕ, 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಇದರ ಮಾತಿದೆ. ಈಗಿರುವ ಮರದ ಮನೆಗಳಲ್ಲಿ ಹಲವು 14-15ನೇ ಶತಮಾನದವು. ಮಾಂಸ ಇಡುವ ಹಲಗೆಗೆ ಇದ್ದ ಹಳೆಯ ಇಂಗ್ಲಿಷ್ ಮಾತಿನಿಂದ ಈ ಹೆಸರು ಬಂತು, ಆ ಹಲಗೆಗಳೂ ಕೊಕ್ಕೆಗಳೂ ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ, ಹುಡುಕಿ. ಮೇಲಿನ ಮಹಡಿ ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿದೆ, ಕೆಲವು ಕಡೆ ಎದುರುಬದುರು ಮನೆಗಳು ಕೈಗೆ ಕೈ ತಾಗುವಷ್ಟು ಹತ್ತಿರ. ಬೀದಿ ಇಷ್ಟು ಕಿರಿದಾಗಿದ್ದದ್ದು ಬಿಸಿಲು ಬಿದ್ದು ಮಾಂಸ ಕೆಡದಿರಲು ಅನುಕೂಲವಾಯಿತಂತೆ. ಎರಡೂ ಬದಿಯ ಜಗಲಿ ಎತ್ತರ, ನಡುವೆ ತಗ್ಗು, ರಕ್ತ ತೊಳೆದು ಬಿಡಲು. ನಮ್ಮ ಅಪ್ಪ ಅಪ್ಪಟ ಸಸ್ಯಾಹಾರಿ, ಆದರೂ ಆ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆರುನೂರು ವರ್ಷದ ಮರ ಹೇಗೆ ಉಳಿಯಿತು ಅಂತ ಅವರಿಗೆ ಅದೇ ಯೋಚನೆ.

ಫೋನನ್ನು ನೆಟ್ಟಗೆ ಹಿಡಿದು, ಮೊಣಕಾಲಿನಷ್ಟು ಕೆಳಗಿಂದ ತೆಗೆಯಿರಿ. ಆಗ ಕಲ್ಲುಹಾಸೂ ಬರುತ್ತದೆ, ಮೇಲೆ ಮನೆಗಳು ಒಂದನ್ನೊಂದು ನೋಡುವ ಹಾಗೆ ವಾಲಿರುವುದೂ ಬರುತ್ತದೆ. ರಾತ್ರಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು. ನಮಗೆ ಬಂದಿತ್ತು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಇಲ್ಲಿ ಎಲ್ಲವೂ ಕಂದು, ಬಿಳಿ, ಬೂದು, ಹಾಗಾಗಿ ಬಟ್ಟೆ ಗಾಢ ಬಣ್ಣದ್ದಿರಲಿ. ಅಮ್ಮ ಅರಿಶಿನ ಬಣ್ಣದ ಸೀರೆ, ಕೆಂಪು ಅಂಚು, ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ್ದಳು. ಖಾಲಿ ಶ್ಯಾಂಬಲ್ಸ್‌ನಲ್ಲಿ ಅವಳು ಒಬ್ಬಳೇ ನಡೆದುಬರುವ ಆ ಒಂದು ಫೋಟೋ ಈಗ ಹಾಸನದ ಮನೆಯ ಹಾಲ್‌ನಲ್ಲಿದೆ.

ಅಲ್ಲಿಂದ ಎರಡು ಹೆಜ್ಜೆಗೆ ಗುಡ್‌ರಮ್‌ಗೇಟ್ ಬೀದಿ. ಲೇಡಿ ರೋ ಅನ್ನೋ ಮನೆಸಾಲು 1316ರ ಸುಮಾರಿನದು. ಅದರ ಪಕ್ಕದ ಪುಟ್ಟ ಬಾಗಿಲಿನಿಂದ ಒಳಗೆ ಹೋದರೆ ಹೋಲಿ ಟ್ರಿನಿಟಿ ಅನ್ನೋ ಸಣ್ಣ ಚರ್ಚು, ಮರಗಳ ನೆರಳು, ಒಳಗೆ ಪೆಟ್ಟಿಗೆಯಂತೆ ಸುತ್ತ ಹಲಗೆ ಕಟ್ಟಿದ ಹಳೆ ಆಸನಗಳು. ಬಾಗಿಲು ಹಗಲಿನಲ್ಲಷ್ಟೇ ತೆರೆದಿರುತ್ತದೆ, ಹಾಗಾಗಿ ಆಮೇಲೆ ಒಮ್ಮೆ ಬನ್ನಿ. ಹೊರಗಿನ ಗದ್ದಲದಲ್ಲಿ ಇದನ್ನು ತುಂಬಾ ಜನ ದಾಟಿಯೇ ಹೋಗುತ್ತಾರೆ. ಮಕ್ಕಳಿದ್ದರೆ ತಲೆಯೆತ್ತಿ ನಡೆಯಲು ಹೇಳಿ, ಊರಿನ ಎಷ್ಟೋ ಗೋಡೆಗಳ ಮೇಲೆ ಬೆಕ್ಕಿನ ಬೊಂಬೆಗಳಿವೆ, ಎಣಿಸುತ್ತಾ ಹೋಗಬಹುದು.

ಮಿನ್‌ಸ್ಟರ್ ಒಳಗೆ ಬಾಗಿಲು ತೆಗೆದ ಕೂಡಲೇ ಹೋಗಿ. ಟಿಕೆಟ್ ಇದೆ, ದೊಡ್ಡವರ ಜೊತೆ ಬಂದ ಮಕ್ಕಳಿಗೆ ಇಲ್ಲ. ಭಾನುವಾರ ಪ್ರವಾಸಿಗರನ್ನು ಬಿಡೋದು ಮಧ್ಯಾಹ್ನದ ಮೇಲೆ. ಬೆಳಿಗ್ಗೆಯೇ ಯಾಕೆ ಅಂದರೆ ಪೂರ್ವದ ಕಿಟಕಿಗಾಗಿ. ಒಂದು ಟೆನಿಸ್ ಅಂಕಣದಷ್ಟು ದೊಡ್ಡ ಬಣ್ಣದ ಗಾಜಿನ ಕಿಟಕಿ, ಜಾನ್ ಥಾರ್ನ್‌ಟನ್ ಅನ್ನೋ ಕಲಾವಿದ 1405ರಿಂದ 1408ರ ಒಳಗೆ ಮುಗಿಸಿಕೊಟ್ಟದ್ದು. ಮೇಲೆ ಸೃಷ್ಟಿ, ಕೆಳಗೆ ಪ್ರಳಯ. ಹಿಂದಿನಿಂದ ಬೆಳಗಿನ ಬಿಸಿಲು ಬಿದ್ದಾಗ ಅದು ಉರಿಯುವ ಹಾಗೆ ಕಾಣುತ್ತದೆ. ಫೋನಿನ ಪರದೆ ಮೇಲೆ ಗಾಜಿನ ಭಾಗವನ್ನೇ ಒತ್ತಿ ಬೆಳಕು ಕಡಿಮೆ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಬಣ್ಣವೆಲ್ಲ ಬಿಳಿಯಾಗುತ್ತದೆ. ಟ್ರೈಪಾಡ್, ಫ್ಲಾಶ್ ನಂಬಿಕೊಂಡು ಹೋಗಬೇಡಿ.

ಶಿಲುಬೆಯಾಕಾರದ ಮಿನ್‌ಸ್ಟರ್‌ನ ದಕ್ಷಿಣದ ತೋಳಿನ ಚಾವಣಿ 1984ರ ಜುಲೈನಲ್ಲಿ ಬೆಂಕಿಗೆ ಸುಟ್ಟುಹೋಗಿತ್ತು. ನಾಲ್ಕು ವರ್ಷದಲ್ಲಿ ಮತ್ತೆ ಕಟ್ಟಿದರು. ಹೊಸ ಚಾವಣಿಯ ಕೆತ್ತನೆಗಳಲ್ಲಿ ಆರು, ಟಿವಿ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳ ಕಲ್ಪನೆ, ಚಂದ್ರನ ಮೇಲೆ ಮನುಷ್ಯ ಇಳಿದದ್ದೂ ಅದರಲ್ಲಿದೆ. ಜೂಮ್ ಮಾಡಿ ಹುಡುಕಿ. ಅಪ್ಪ ಜಾಸ್ತಿ ಹೊತ್ತು ಕಳೆದದ್ದು ಪಾದ್ರಿಗಳು ಸಭೆ ಸೇರುತ್ತಿದ್ದ ಚಾಪ್ಟರ್ ಹೌಸ್‌ನಲ್ಲಿ. ಎಂಟು ಮೂಲೆಯ ಕೋಣೆ, ನಡುವೆ ಒಂದೂ ಕಂಬವಿಲ್ಲ, ಸುತ್ತಲೂ ಆಸನಗಳ ಮೇಲೆ ನೂರಾರು ಪುಟ್ಟ ಕಲ್ಲಿನ ಮುಖಗಳು. ಮೂತಿ ತಿರುವಿದವರು, ನಗುವವರು, ಪ್ರಾಣಿಗಳು. "ನಮ್ಮ ಬೇಲೂರಿನ ಶಿಲ್ಪಿಗಳ ಹಾಗೇ ಕಣೋ, ಒಂದರಂತೆ ಇನ್ನೊಂದಿಲ್ಲ" ಅಂದರು. ಅಲ್ಲಿ ಅರ್ಧ ಗಂಟೆ ಇಟ್ಟುಕೊಳ್ಳಿ.

ನಡುವಿನ ಗೋಪುರಕ್ಕೆ 275 ಮೆಟ್ಟಿಲು, ಲಿಫ್ಟ್ ಇಲ್ಲ, ಬೇರೆ ಟಿಕೆಟ್. ನಾನು ಒಬ್ಬನೇ ಹತ್ತಿದೆ. ಮೇಲೆ ತಂತಿಬಲೆ ಇದೆ, ಫೋನನ್ನು ಬಲೆಯ ಕಣ್ಣಿಗೇ ತಾಗಿಸಿ ತೆಗೆಯಬೇಕು. ಊರಿನ ಕೆಂಪು ಹೆಂಚುಗಳು ಚೆನ್ನಾಗಿ ಕಾಣುತ್ತವೆ, ಆದರೆ ಆ ಫೋಟೋದಲ್ಲಿ ಮಿನ್‌ಸ್ಟರ್ರೇ ಇರುವುದಿಲ್ಲ ಅಲ್ವಾ? ಮಂಡಿನೋವು ಇರೋರು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ. ಬದಲಿಗೆ ಬೂಥಮ್ ಬಾರ್‌ನಿಂದ ಮಂಕ್ ಬಾರ್‌ವರೆಗಿನ ಗೋಡೆ ಮೇಲೆ ನಡೆಯಿರಿ, ತೋಟ, ಮರ, ಅವುಗಳ ಹಿಂದೆ ಮಿನ್‌ಸ್ಟರ್, ಇಪ್ಪತ್ತು ನಿಮಿಷದ ದಾರಿ. ಗೋಡೆಯ ಕೆಲವು ಕಡೆ ಒಳಬದಿಗೆ ಕಟಾಂಜನವಿಲ್ಲ, ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದೆ ಸರಿಯಬೇಡಿ. ಗಾಳಿ ಜಾಸ್ತಿ. ಅಪ್ಪನ ಮಂಕಿ ಕ್ಯಾಪ್ ಅಲ್ಲಿ ಕೆಲಸಕ್ಕೆ ಬಂತು.

ಮಧ್ಯಾಹ್ನ ಮ್ಯೂಸಿಯಂ ಗಾರ್ಡನ್ಸ್‌ಗೆ ಹೋಗಿ ಕೂತೆವು. ಪ್ರವೇಶಕ್ಕೆ ದುಡ್ಡಿಲ್ಲ. 1088ರಲ್ಲಿ ಶುರುವಾದ ಸೇಂಟ್ ಮೇರೀಸ್ ಮಠ 1539ರಲ್ಲಿ ಮುಚ್ಚಿತು, ಈಗ ಹುಲ್ಲಿನ ನಡುವೆ ಕಿಟಕಿಯ ಕಮಾನುಗಳಷ್ಟೇ ನಿಂತಿವೆ. ಆ ಕಮಾನಿನ ಒಳಗೆ ಒಬ್ಬರನ್ನು ನಿಲ್ಲಿಸಿ ದೂರದಿಂದ ತೆಗೆದರೆ ಗೋಡೆಯ ಎತ್ತರ ಗೊತ್ತಾಗುತ್ತದೆ. ಮೋಡ ಇದ್ದ ದಿನವೂ ಚೆನ್ನಾಗಿ ಬರುವ ಜಾಗ ಇದೊಂದೇ. ಮನೆಯಿಂದ ತಂದಿದ್ದ ಚಪಾತಿ, ಚಟ್ನಿಪುಡಿ ಅಲ್ಲೇ ತಿಂದೆವು. ಸೇಂಟ್ ಹೆಲೆನ್ಸ್ ಚೌಕದ ಬೆಟ್ಟೀಸ್ ಟೀ ಅಂಗಡಿ ಹೊರಗಿನಿಂದಲೂ ಚೆಂದ, ಒಳಗೆ ಕೂರಲು ಉದ್ದನೆ ಸಾಲಿರುತ್ತದೆ. ಮೊಟ್ಟೆ ತಿನ್ನದವರು ಕೇಕ್ ತೆಗೆದುಕೊಳ್ಳುವ ಮುಂಚೆ ಕೇಳಿ.

ಕ್ಲಿಫರ್ಡ್ಸ್ ಟವರ್ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಗೋಪುರ, ಏಪ್ರಿಲ್‌ನಲ್ಲಿ ದಿಬ್ಬವೆಲ್ಲ ಡ್ಯಾಫೊಡಿಲ್. ಕೆಳಗಿಂದ ತುಂಬಾ ಸುಂದರ. ಆದರೆ 1190ರ ಮಾರ್ಚ್‌ನಲ್ಲಿ ಊರಿನ ಯಹೂದಿಗಳು ಗಲಭೆಕೋರರಿಂದ ತಪ್ಪಿಸಿಕೊಂಡು ಇದೇ ಜಾಗದಲ್ಲಿದ್ದ ಕೋಟೆಗೆ ಸೇರಿದರು, ಸುಮಾರು 150 ಜನ ಇಲ್ಲೇ ಸತ್ತರು. ದಿಬ್ಬದ ಬುಡದಲ್ಲಿ ನೆನಪಿನ ಫಲಕವಿದೆ. ಮೊದಲು ಅದನ್ನು ಓದಿ, ಆಮೇಲೆ ಫೋನ್ ತೆಗೆಯಿರಿ. ಆ ಮೆಟ್ಟಿಲುಗಳ ಮೇಲೆ ಹಾರಿ ಕುಣಿದು ರೀಲ್ಸ್ ಮಾಡೋದನ್ನು ನೋಡಿ ನನಗೆ ಬೇಸರವಾಯಿತು.

ಉಳಿದ ವಿಷಯ ಬೇಗ ಹೇಳುತ್ತೇನೆ. ರೂಮು ಗೋಡೆಯ ಒಳಗೇ ಇರಲಿ, ಇಲ್ಲದಿದ್ದರೆ ಬೆಳಗಿನ ಆರೂವರೆ ಆಗುವುದಿಲ್ಲ. ಹಳೆ ಕಟ್ಟಡಗಳಲ್ಲಿ ಲಿಫ್ಟ್ ಇದೆಯಾ ಅಂತ ಕೇಳಿ ಬುಕ್ ಮಾಡಿ, ನಾವು ಕೇಳದೆ ಎರಡು ಮಹಡಿ ಪೆಟ್ಟಿಗೆ ಹೊತ್ತೆವು. ಕುದುರೆ ರೇಸಿನ ದಿನಗಳು, ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆ, ಎರಡರಲ್ಲೂ ಬಾಡಿಗೆ ಏರುತ್ತದೆ, ಜನವೂ ಜಾಸ್ತಿ. ಡಿಸೆಂಬರ್‌ನಲ್ಲಿ ನಾಲ್ಕಕ್ಕೇ ಕತ್ತಲು ಬೇರೆ. ಕಾರಿನಲ್ಲಿ ಬಂದರೆ ಊರ ಹೊರಗೆ ನಿಲ್ಲಿಸಿ ಬಸ್ಸಿನಲ್ಲಿ ಬನ್ನಿ. ಚಳಿಗೆ ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ಪವರ್ ಬ್ಯಾಂಕ್ ಇರಲಿ.

ಹೊರಡುವ ದಿನ ಸಂಜೆ ಮಿನ್‌ಸ್ಟರ್‌ನಲ್ಲಿ ಹಾಡಿನ ಪ್ರಾರ್ಥನೆ ಇದ್ದರೆ ಕೂತು ಬನ್ನಿ, ಅದಕ್ಕೆ ಟಿಕೆಟ್ ಬೇಡ. ಫೋಟೋ ತೆಗೆಯುವ ಹಾಗಿಲ್ಲ. ಫೋನ್ ಆಫ್ ಮಾಡಿ ಎಲ್ಲರೂ ಕೂತೆವು. ಮುಗಿದ ಮೇಲೂ ಅಮ್ಮ ಏಳಲಿಲ್ಲ, ನಾವು ಒಂದು ರೈಲು ಬಿಟ್ಟು ಮುಂದಿನದಕ್ಕೆ ಹೋದೆವು.