ಕೋಜಿ ಕೋಣೆಯಲ್ಲಿ ಪಾಳಿ ಒಪ್ಪಿಸುವ ಬಗೆ

ಜಪಾನಿನ ಹ್ಯೋಗೋ ಪ್ರಾಂತ್ಯದಲ್ಲಿ ಅಕ್ಕಿಯಿಂದ ಸಾಕೆ ಮದ್ಯ ತಯಾರಿಸುವ ಸಣ್ಣ ಘಟಕವೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತೇನೆ. ಹುದುಗುತ್ತಿರುವ ಮಿಶ್ರಣದಲ್ಲಿ ಆಲ್ಕೋಹಾಲ್ ಎಷ್ಟು, ಆಮ್ಲ ಎಷ್ಟು, ಸಕ್ಕರೆ ಎಷ್ಟು ಎಂದು ಪ್ರತಿದಿನ ಅಳೆದು ದಾಖಲಿಸುವುದು ನನ್ನ ಹೊಣೆ. ಆದರೆ ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಸಂಗತಿ ನನ್ನ ಮೇಜಿನ ಮೇಲಿನ ಅಂಕಿಗಳದ್ದಲ್ಲ. ಒಂದು ಪಾಳಿಯವರು ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವ ಬಗೆಯದು.

ದ್ರಾಕ್ಷಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಬಾರ್ಲಿಯಾದರೆ ಮೊಳಕೆಯೊಡೆಯುವಾಗ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವನ್ನು ತಾನೇ ಉತ್ಪಾದಿಸುತ್ತದೆ. ಪಾಲಿಶ್ ಮಾಡಿದ ಅಕ್ಕಿಗೆ ಇವೆರಡೂ ಇಲ್ಲದ ಕಾರಣ, ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಸಿ ಆ ಕಿಣ್ವವನ್ನು ಪಡೆಯಬೇಕಾಗುತ್ತದೆ. ಕೋಜಿ ಪಿಷ್ಟವನ್ನು ಸಕ್ಕರೆಯಾಗಿಸುವುದೂ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಆಗಿಸುವುದೂ ಒಂದೇ ತೊಟ್ಟಿಯಲ್ಲಿ, ಒಂದೇ ಕಾಲಕ್ಕೆ ನಡೆಯುವುದರಿಂದ, ಭಟ್ಟಿ ಇಳಿಸದೆಯೇ ಆಲ್ಕೋಹಾಲ್ ಪ್ರಮಾಣ ಶೇಕಡಾ 20ರ ಹತ್ತಿರಕ್ಕೆ ಏರಬಲ್ಲದು. ಮೊದಲು ಕೋಜಿ, ಎರಡನೆಯದು ಯೀಸ್ಟ್ ಬೆಳೆಸುವ ಮೂಲ ಹುದುಗು, ಮೂರನೆಯದು ದೊಡ್ಡ ತೊಟ್ಟಿಯ ಹುದುಗುವಿಕೆ ಎಂದು ಇಲ್ಲಿನ ಕೆಲಸಗಾರರು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕ್ರಮದಲ್ಲಿ ಕೋಜಿಗೆ ಮೊದಲ ಸ್ಥಾನ ಸಿಕ್ಕಿರುವುದು ಈ ಕಾರಣಕ್ಕೆ.

ಹಬೆಯ ಪಾತ್ರೆಯಿಂದ ಅಕ್ಕಿ ಹೊರಬಂದ ಕೂಡಲೇ ತೋಜಿ ಎಂದು ಕರೆಯಲಾಗುವ ಮುಖ್ಯ ತಯಾರಕರು ಒಂದು ಹಿಡಿ ತೆಗೆದುಕೊಂಡು, ಕೈ ಸುಡುತ್ತಿದ್ದರೂ ಬಿಡದೆ, ಹಲಗೆಯ ಮೇಲೆ ಅಂಗೈಯ ಬುಡದಿಂದ ತಿಕ್ಕಿ ತೆಳ್ಳಗಿನ ಬಿಲ್ಲೆ ಮಾಡುತ್ತಾರೆ. ಅದನ್ನು ಬೆಳಕಿಗೆ ಹಿಡಿದು ಬೇಯದ ಬಿಳಿ ಚುಕ್ಕೆ ಉಳಿದಿದೆಯೇ, ಎಳೆದರೆ ಹಿಗ್ಗುತ್ತದೆಯೇ ಎಂದು ನೋಡುತ್ತಾರೆ. ಕಾಳು ಹೊರಗೆ ಗಟ್ಟಿಯಾಗಿಯೂ ಒಳಗೆ ಮೆತ್ತಗೂ ಇದ್ದರೆ ಬೂಷ್ಟು ತೇವವನ್ನು ಹುಡುಕಿಕೊಂಡು ಕಾಳಿನ ನಡುವಿನವರೆಗೆ ಬೇರಿಳಿಸುತ್ತದೆ; ಹೊರಮೈ ಜಿಗುಟಾಗಿದ್ದರೆ ಮೇಲ್ಮೈಯಲ್ಲಿಯೇ ಹರಡಿಕೊಂಡು, ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದ ಕೋಜಿಯಾಗುತ್ತದೆ.

ಇಡ್ಲಿ ಹಿಟ್ಟನ್ನು ಮುಚ್ಚಿಟ್ಟು ಮಲಗಿದಂತೆ ಕೋಜಿಯನ್ನು ಬಿಟ್ಟು ಮಲಗಲು ಆಗುವುದಿಲ್ಲ. ಹೊರಗೆ ಹಿಮ ಬೀಳುತ್ತಿದ್ದರೂ 30 ಡಿಗ್ರಿಗಿಂತ ಬೆಚ್ಚಗಿರುವ ಆ ಮರದ ಕೋಣೆಯಲ್ಲಿ ಸುಮಾರು 48 ಗಂಟೆ ಬೂಷ್ಟು ಬೆಳೆಯುತ್ತದೆ, ಬೆಳೆಯುತ್ತಾ ತಾನೇ ಶಾಖ ಬಿಡುತ್ತದೆ, ಕೊನೆಯ ಹಂತದಲ್ಲಿ ಅಕ್ಕಿಯ ಉಷ್ಣತೆ 40 ಡಿಗ್ರಿಯನ್ನು ಮುಟ್ಟುತ್ತದೆ. ನಡುರಾತ್ರಿಯೂ ಯಾರಾದರೂ ಹೋಗಿ ಗಂಟು ಒಡೆದು, ಮಗುಚಿ, ತೆಳುವಾಗಿ ಹರಡಬೇಕು. ಹೀಗಾಗಿ ಒಂದು ಕೋಜಿಯನ್ನು ಮೊದಲಿಂದ ಕೊನೆಯವರೆಗೆ ಒಬ್ಬನೇ ನೋಡಿಕೊಳ್ಳುವುದು ಅಪರೂಪ. (ಈ ಕೋಣೆಗೆ ಹೋಗುವವರು ಚಳಿಗಾಲವಿಡೀ ನಾಟ್ಟೋ ಎಂಬ ಹುದುಗಿಸಿದ ಸೋಯಾ ಕಾಳನ್ನು ತಿನ್ನುವಂತಿಲ್ಲ. ಅದರ ಬ್ಯಾಕ್ಟೀರಿಯಾ ಕೋಜಿಗೆ ತಗುಲಿದರೆ ಇಡೀ ರಾಶಿ ಹಾಳಾಗುತ್ತದೆ. ನನಗೆ ಅದರ ವಾಸನೆಯೇ ಆಗದ ಕಾರಣ ಇದು ತ್ಯಾಗವೆನಿಸಲಿಲ್ಲ.)

ಪಾಳಿ ಬದಲಾಗುವಾಗ ದಾಖಲೆ ಪುಸ್ತಕದಲ್ಲಿ ಗಂಟೆ, ಉಷ್ಣತೆ, ತೇವಾಂಶ ಎಲ್ಲವೂ ಇರುತ್ತವೆ. ಆದರೂ ನಮ್ಮಲ್ಲಿ ಹೊರಡುವವನು ಪುಸ್ತಕ ಕೊಟ್ಟು ಹೊರಡುವಂತಿಲ್ಲ. ಇಬ್ಬರೂ ಅಕ್ಕಿಯೊಳಗೆ ಕೈಯಿಡಬೇಕು, ಬಂದವನು ಪುಸ್ತಕ ತೆರೆಯುವ ಮೊದಲೇ ತನಗೆ ಏನು ಕಾಣುತ್ತಿದೆ ಎಂದು ಹೇಳಬೇಕು: ಒಣಗಿದೆಯೇ, ಬಿಸಿ ಅಡಿಯಿಂದ ಬರುತ್ತಿದೆಯೇ, ಬೇಯಿಸಿದ ಚೆಸ್ಟ್‌ನಟ್‌ನಂಥ ಪರಿಮಳ ಶುರುವಾಗಿದೆಯೇ. ಆಮೇಲೆ ಹೊರಡುವವನು ತಾನು ಯಾವಾಗ ಮಗುಚಿದೆ, ಏಕೆ ಮಗುಚಿದೆ ಎಂದು ತಿಳಿಸುತ್ತಾನೆ. ಏರುತ್ತಿರುವ 38 ಡಿಗ್ರಿಯೂ ನಿಂತಿರುವ 38 ಡಿಗ್ರಿಯೂ ಪುಸ್ತಕದಲ್ಲಿ ಒಂದೇ. ಮುಂದಿನ ಎರಡು ಗಂಟೆಯಲ್ಲಿ ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ.

ಈ ಪದ್ಧತಿಯ ಬೇರು ಹಳೆಯದೆಂದು ನನ್ನ ಊಹೆ. ತಾಂಬಾ ಪ್ರದೇಶದ ರೈತರು ಸುಗ್ಗಿ ಮುಗಿಸಿ, ಚಳಿಗಾಲದಲ್ಲಿ ತಂಡ ಕಟ್ಟಿಕೊಂಡು ಕೋಬೆ ಮತ್ತು ನಿಶಿನೊಮಿಯಾ ಕರಾವಳಿಯ ನಾದಾಕ್ಕೆ ಇಳಿದು ಬಂದು, ತಿಂಗಳುಗಟ್ಟಲೆ ಘಟಕದಲ್ಲಿಯೇ ಉಂಡು ಮಲಗಿ ದುಡಿಯುತ್ತಿದ್ದರು. ಕಲಕುವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಹಾಡಿನ ಸಾಲುಗಳಿಂದ ಲೆಕ್ಕ ಹಾಕುತ್ತಿದ್ದರು. ಒಟ್ಟಿಗೆ ಬದುಕುವವರಿಗೆ ಒಪ್ಪಿಸುವ ವಿಧಿ ಬೇರೆಯಾಗಿ ಬೇಕಿರಲಿಲ್ಲ. ನಮ್ಮಂಥ ಸಂಬಳದ ನೌಕರರಿಗೆ ಬೇಕು. 2024ರ ಡಿಸೆಂಬರ್‌ನಲ್ಲಿ ಕೋಜಿ ಬಳಸಿ ಸಾಕೆ ತಯಾರಿಸುವ ಸಾಂಪ್ರದಾಯಿಕ ವಿದ್ಯೆಯನ್ನು ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತೋಜಿಯ ಕೈಯಲ್ಲಿ ಏನೋ ಮಾಯೆಯಿದೆ ಎಂಬಂತೆ ಬರೆಯುವವರನ್ನು ನಾನು ಒಪ್ಪುವುದಿಲ್ಲ. ಯಮಗುಚಿಯ ದಸ್ಸಾಯ್ ಸಾಕೆ ತೋಜಿಯಿಲ್ಲದೆ, ನೌಕರರು ಮತ್ತು ಅಳತೆಗಳ ಬಲದಿಂದಲೇ ತಯಾರಾಗಿ ಹೆಸರು ಮಾಡಿದೆ.

ದಾಖಲೆಯಲ್ಲಿ ಉಷ್ಣತೆ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಬರೆಯಲು ಒಂದು ಕಾಲಂ ಸೇರಿಸೋಣವೆಂದು ನಾನು ಕೇಳಿದಾಗ ತೋಜಿಯವರು ಒಪ್ಪಿದರು. ಆದರೆ ಅದನ್ನು ತುಂಬಬೇಕಾದವನು ಹೊರಡುವವನಲ್ಲ, ಬಂದವನು ಎಂಬ ಷರತ್ತು ಹಾಕಿದರು.