ಕಾರ್ಯದರ್ಶಿಯ ಅಡ್ಡಗೀಟು

ಬಟವಾಡೆಯ ದಿನ ಬೆಳಗ್ಗೆ ಹಾಲಿನ ಡೇರಿಯ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಒಂದು ಸಲ ಊರಿಗೇ ಬಂದುಬಿಡಿ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ." ಅವರದು ತುಮಕೂರು ಕಡೆಯ ಸಣ್ಣ ಊರು. ನಮ್ಮ ತಂಡ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಾಲಿನ ಲೆಕ್ಕದ ತಂತ್ರಾಂಶವನ್ನು ಅಲ್ಲಿ ಪ್ರಯೋಗಕ್ಕೆಂದು ಹಾಕಿದ್ದೆವು.

ನಾನು ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಜನ ಚೀಟಿ ಹಿಡಿದು ನಿಂತಿದ್ದರು. ವಯಸ್ಸಾದ ಹೆಂಗಸೊಬ್ಬರು ತಮ್ಮ ಚೀಟಿಯನ್ನು ನನ್ನ ಕೈಗಿಟ್ಟರು. ಹದಿನೈದು ದಿನಗಳ ಲೆಕ್ಕದಲ್ಲಿ ನಾಲ್ಕು ಬೆಳಗಿನ ಸಾಲುಗಳು ಒಂದೇ ತರಹ ಇದ್ದವು: ಫ್ಯಾಟ್ 0.0, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 0.0, ದರ 0.00. ಹಾಲಿನ ಅಳತೆ ಮಾತ್ರ ಸರಿಯಾಗಿ ನಾಲ್ಕು ಲೀಟರ್ ಚಿಲ್ಲರೆ. "ನೀರು ಬೆರೆಸಿದರೂ ಇಷ್ಟು ಕೆಳಗೆ ಬರುವುದಿಲ್ಲವಲ್ಲಮ್ಮಾ. ನಾನು ತಂದದ್ದೆಲ್ಲ ಬರೀ ನೀರು ಎನ್ನುತ್ತದಾ ನಿನ್ನ ಕಂಪ್ಯೂಟರು?"

ಕಂಪ್ಯೂಟರು ಹಾಗೆಂದಿರಲಿಲ್ಲ. ಅದರ ಬಾಯಿಂದ ಹಾಗೆ ಹೇಳಿಸಿದ್ದವಳು ನಾನು.

ಎರಡು ವಾರದ ಹಿಂದೆ ಬೆಳಗ್ಗೆ ಆರಕ್ಕೇ ಅದೇ ಕಾರ್ಯದರ್ಶಿ ಫೋನ್ ಮಾಡಿದ್ದರು. ಪರದೆ ನಿಂತುಹೋಗಿದೆ, ಸಾಲು ಬಾಗಿಲಿನಾಚೆಗೂ ಬೆಳೆದಿದೆ. ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದು ನೋಡಿದರೆ ಕೋಡ್ ಬರೆಯುವ ನಮ್ಮೆಲ್ಲರ ಹಳೆಯ ಪರಿಚಯ, ನಲ್ ಪಾಯಿಂಟರ್ ಎಕ್ಸೆಪ್ಷನ್: ನಲ್ ಅನ್ನು, ಅಂದರೆ ಏನೂ ಇಲ್ಲದ್ದನ್ನು, ಇದೆ ಎಂದುಕೊಂಡು ಬಳಸಿದಾಗ ಬರುವ ದೋಷ. ಕರೆಂಟ್ ಹೋಗಿತ್ತು. ತಕ್ಕಡಿ ಬ್ಯಾಟರಿಯ ಮೇಲೆ ಓಡುತ್ತಿತ್ತು, ಫ್ಯಾಟ್ ನೋಡುವ ಯಂತ್ರ ಓಡುತ್ತಿರಲಿಲ್ಲ. ಹೀಗಾಗಿ ಡೇಟಾಬೇಸಿನಲ್ಲಿ ಫ್ಯಾಟ್‌ನ ಜಾಗ ನಲ್ ಆಗಿ ಉಳಿದಿತ್ತು. ಜಾವಾದಲ್ಲಿ ದಶಮಾಂಶ ಸಂಖ್ಯೆ ಇಡುವ ಡಬಲ್ ಎರಡು ಬಗೆ: ದೊಡ್ಡ ಅಕ್ಷರದ್ದು (Double), ಸಣ್ಣ ಅಕ್ಷರದ್ದು (double). ನನ್ನ ಕೋಡ್ ಅದನ್ನು ದೊಡ್ಡ ಅಕ್ಷರದ ಡಬಲ್ ಆಗಿ ತಂದು ಸಣ್ಣ ಅಕ್ಷರದ ಡಬಲ್‌ಗೆ ಸುರಿಯುತ್ತಿತ್ತು. ಮೊದಲನೆಯದು ಆಬ್ಜೆಕ್ಟ್, ಅದು ಇಲ್ಲದೆಯೂ ಇರಬಹುದು. ಎರಡನೆಯದರಲ್ಲಿ ಯಾವುದಾದರೂ ಒಂದು ಸಂಖ್ಯೆ ಇರಲೇಬೇಕು. ಇಲ್ಲದ್ದನ್ನು ಸುರಿಯಲು ಹೋದಾಗ ಜಾವಾ ಕೈಯೆತ್ತಿತು.

ಹತ್ತು ನಿಮಿಷದಲ್ಲಿ ಸರಿಪಡಿಸಿದೆ. ಡೇಟಾಬೇಸಿನಿಂದ ಓದುವ ಕಡೆ ಗೆಟ್‌ಡಬಲ್ ಎಂಬ ಮೆಥಡ್ ಹಾಕಿದೆ, ದೋಷ ಮಾಯವಾಯಿತು, ಸಾಲು ಕರಗಿತು. ಕಾಫಿ ಕುಡಿಯುತ್ತಾ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡದ್ದೂ ನಿಜ. ಗೆಟ್‌ಡಬಲ್‌ನ ಗುಣವೇನೆಂದರೆ, ಆ ಜಾಗ ನಲ್ ಆಗಿದ್ದರೆ ಅದು ತಕರಾರಿಲ್ಲದೆ ಸೊನ್ನೆ ಕೊಡುತ್ತದೆ. ಅದು ನಿಜವಾದ ಸೊನ್ನೆಯೋ ಅಲ್ಲವೋ ಎಂದು ತಿಳಿಯಬೇಕಾದರೆ, ಓದಿದ ಮೇಲೆ ವಾಸ್‌ನಲ್ ಎಂಬ ಇನ್ನೊಂದು ಮೆಥಡನ್ನು ಕರೆದು ಕೇಳಬೇಕು. ಇದನ್ನು ನಾನು ಓದಿದ್ದೆ. ಆರು ಗಂಟೆಯ ಅವಸರದಲ್ಲಿ ನೆನಪಾಗಲಿಲ್ಲ, ಓಡಿಸುವ ಮುಂಚೆ ಕೋಡಿನ ತಪ್ಪು ಹಿಡಿಯುವ ಕಂಪೈಲರ್ ನೆನಪಿಸಲೂ ಇಲ್ಲ.

ಮುಂದೆ ಇನ್ನೂ ಮೂರು ಬೆಳಗ್ಗೆ ಕರೆಂಟ್ ಹೋಯಿತು. ತಂತ್ರಾಂಶ ಒಂದು ಸಲವೂ ನಿಲ್ಲಲಿಲ್ಲ. ನಿಂತಿದ್ದರೆ ಅಂದೇ ಗೊತ್ತಾಗುತ್ತಿತ್ತು. ಸರಾಸರಿಯೂ ಕೆಟ್ಟಿತ್ತು. ಮೂವತ್ತು ಹೊತ್ತಿನ ಹಾಲಿನಲ್ಲಿ ನಾಲ್ಕು ಸೊನ್ನೆ ಸೇರಿ, ಆ ಹೆಂಗಸಿನ 3.9ರ ಫ್ಯಾಟ್ 3.4ಕ್ಕೆ ಇಳಿದಿತ್ತು. ನಲ್ ಅನ್ನು ನಲ್ ಆಗಿಯೇ ಬಿಟ್ಟು ಸರಾಸರಿಯನ್ನು ಡೇಟಾಬೇಸಿಗೇ ಕೇಳಿದ್ದರೆ, ಅದು ಆ ಸಾಲುಗಳನ್ನು ಪಕ್ಕಕ್ಕಿಟ್ಟೇ ಲೆಕ್ಕ ಹಾಕುತ್ತಿತ್ತು.

ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಇಲ್ಲದ ಆಬ್ಜೆಕ್ಟಿಗೆ ಸಂದೇಶ ಕಳಿಸಿ ಸಂಖ್ಯೆ ಕೇಳಿದರೆ ಸದ್ದಿಲ್ಲದೆ ಸೊನ್ನೆ ಬರುತ್ತದೆ. ನನ್ನ ಹತ್ತು ನಿಮಿಷದ ಜಾಣತನ ಅಲ್ಲಿ ಭಾಷೆಯ ನಿಯಮವೇ. ಇನ್ನು ಈ ನಲ್ ಅನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, ಅಳವಡಿಸುವುದು ಬಹಳ ಸುಲಭವಿತ್ತು, ಆ ಆಸೆಗೆ ಬಿದ್ದೆ ಎಂದು 2009ರಲ್ಲಿ ಒಪ್ಪಿಕೊಂಡು ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪು ಎಂದು ಕರೆದರು. ಅವರ ಮೇಲೆ ಹೊರೆಸಿ ಪಾರಾಗುವ ಆಸೆ ನನಗೂ ಆಯಿತು. ಆದರೆ ಅವರ ನಲ್ ಅಂದು ಬೆಳಗ್ಗೆ ಕೂಗಿ ಹೇಳಿತ್ತು. ಅದರ ಬಾಯಿ ಮುಚ್ಚಿಸಿದ್ದು ನನ್ನ ಸೊನ್ನೆ.

ಜನ ಸ್ವಲ್ಪ ತಣ್ಣಗಾದ ಮೇಲೆ ಕಾರ್ಯದರ್ಶಿಗಳು ಬೀರುವಿನಿಂದ ಹಳೆಯ ಲೆಕ್ಕದ ಪುಸ್ತಕ ತೆಗೆದರು. ತಂತ್ರಾಂಶ ಬರುವ ಮುಂಚಿನದು. ಹಾಲು ತಂದಿದ್ದಾರೆ ಆದರೆ ಪರೀಕ್ಷೆ ಆಗಿಲ್ಲ ಎಂದರೆ ಒಂದು ಅಡ್ಡಗೀಟು. ಹಾಲನ್ನೇ ತಂದಿಲ್ಲ ಎಂದರೆ ಕೆಂಪು ಶಾಯಿಯ ಗುಣಿಸುವ ಗುರುತು. ಕೆಲವರ ಹೆಸರಿನ ಮುಂದೆ ಪುಟದುದ್ದಕ್ಕೂ ಗೆರೆ ಎಳೆದು "ಗಬ್ಬ" ಎಂದು ಬರೆದಿತ್ತು. ಹಸು ಗಬ್ಬವಾಗಿ ಹಾಲು ಕೊಡುವುದನ್ನು ನಿಲ್ಲಿಸಿದೆ, ಕರು ಹಾಕುವ ತನಕ ಅವರಿಂದ ಹಾಲು ನಿರೀಕ್ಷಿಸುವಂತಿಲ್ಲ. ಇನ್ನೂ ಬರೆಯಬೇಕಾದ ಜಾಗ ಖಾಲಿ. ನಾಲ್ಕು ಬಗೆಯ ಇಲ್ಲಗಳನ್ನು ಅವರು ಎರಡು ಬಣ್ಣದ ಪೆನ್ನಿನಲ್ಲಿ ನಿಭಾಯಿಸಿದ್ದರು. ನಾನು ನಾಲ್ಕನ್ನೂ ಒಂದೇ ನಲ್‌ಗೆ ತುರುಕಿದ್ದೆ, ಆಮೇಲೆ ಅದನ್ನೂ ಅಳಿಸಿದ್ದೆ.

ಅಂದು ರಾತ್ರಿ ಮೊದಲು ಹೊಳೆದದ್ದು ಜಾವಾ 8ರಲ್ಲಿ ಬಂದ ಆಪ್ಷನಲ್. ಇದೆಯೋ ಇಲ್ಲವೋ ಎಂಬಷ್ಟನ್ನೇ ಹೇಳುವ ಡಬ್ಬಿ ಅದು, ಯಾಕೆ ಇಲ್ಲ ಎಂದು ಹೇಳುವುದಿಲ್ಲ. ಕಾಟ್ಲಿನ್ ಭಾಷೆ ಆಗಿದ್ದರೆ ನಲ್ ಇರಬಹುದಾದ ಕಡೆ ನನ್ನನ್ನು ತಡೆಯುತ್ತಿತ್ತು ಎಂದು ಗೆಳತಿಯೊಬ್ಬಳು ಹೇಳಿದಳು. ತಡೆಯುತ್ತಿತ್ತು, ಸರಿ. ಆ ಗಳಿಗೆಯಲ್ಲಿ ನಲ್ ಇದ್ದರೆ ಅದರ ಬದಲು ಬೇರೆ ಬೆಲೆ ಕೊಡುವ ಎಲ್ವಿಸ್ ಆಪರೇಟರ್ ಹಾಕಿ ಅದರ ಮುಂದೆ ಸೊನ್ನೆ ಬರೆದು ನಾನು ಮಲಗುತ್ತಿದ್ದೆ.

ಕೊನೆಗೆ "ಪರೀಕ್ಷೆ" ಎಂಬ ಇಂಟರ್‌ಫೇಸ್, ಅಂದರೆ ಯಾವ ಪ್ರಶ್ನೆಗೆ ಉತ್ತರ ಕೊಡಬೇಕೆಂಬ ಕರಾರು, ಮಾಡಿ ಅದರಡಿ ಬೇರೆ ಬೇರೆ ಕ್ಲಾಸ್ ಬರೆದೆ: ಅಳೆದದ್ದು, ಅಳೆಯಲಾಗದ್ದು, ತರದದ್ದು. ದರ ಎಷ್ಟು ಎಂದು ಕೇಳಿದರೆ ಪ್ರತಿಯೊಂದೂ ತನ್ನ ಉತ್ತರ ತಾನೇ ಕೊಡುತ್ತದೆ. ನಲ್ ಇದೆಯೇ ಎಂದು ಹೆಜ್ಜೆಹೆಜ್ಜೆಗೂ ಇಣುಕಬೇಕಾಗಿಲ್ಲ. ಇಂಟರ್‌ಫೇಸನ್ನು ಸೀಲ್ಡ್ ಮಾಡಿದ್ದರಿಂದ, ಅಂದರೆ ಅದರಡಿಯ ಕ್ಲಾಸ್‌ಗಳ ಪಟ್ಟಿ ಇಷ್ಟೇ ಎಂದು ಮುಚ್ಚಿದ್ದರಿಂದ, ಒಂದೊಂದು ಬಗೆಗೂ ಒಂದೊಂದು ದಾರಿ ಹಿಡಿಸುವ ಸ್ವಿಚ್‌ನಲ್ಲಿ ಯಾವುದಾದರೂ ಒಂದನ್ನು ಮರೆತರೆ ಈಗ ಕಂಪೈಲರೇ ಗದರುತ್ತದೆ. "ಅಳೆಯಲಾಗದ್ದು" ಬರೆಯುವಾಗ ಮಾತ್ರ ಕೈ ನಿಂತಿತು. ಅಳೆಯದ ಹಾಲಿಗೆ ದರ ಎಷ್ಟು? ಅದನ್ನು ತೀರ್ಮಾನಿಸಲು ನಾನು ಯಾರು? ಸಂಘದವರು ಕೂತು ಮಾತಾಡಿ, ಅದೇ ಮನೆಯ ಹಿಂದಿನ ಹತ್ತು ಹೊತ್ತಿನ ಸರಾಸರಿ ಹಿಡಿಯಿರಿ ಎಂದರು. ಪುಸ್ತಕ ಕಣ್ಣಾರೆ ನೋಡಿಯೂ ನಾಲ್ಕನೆಯ ಕ್ಲಾಸ್ ಬೇಡವೆಂದು ಬಿಟ್ಟಿದ್ದೆ. ಪರದೆ ನೋಡಿದ ಕಾರ್ಯದರ್ಶಿಗಳು ಕೇಳಿದ ಮೊದಲ ಮಾತೇ "ಗಬ್ಬ ಎಲ್ಲಿ ಮೇಡಂ?"

ಮುಂದಿನ ವಾರ ಹೊಸ ಚೀಟಿ ಮುದ್ರಿಸಿ ಬಾಕಿ ಹಣ ಕೊಟ್ಟರು. ಆ ಹೆಂಗಸು ಚೀಟಿಯನ್ನು ಬೆಳಕಿಗೆ ಹಿಡಿದು, ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು, "ಇದೇನು ಗೀಟು?" ಎಂದರು.

"ಅವತ್ತು ಕರೆಂಟ್ ಇರಲಿಲ್ಲವಲ್ಲ, ಅಜ್ಜಿ" ಎಂದರು ಕಾರ್ಯದರ್ಶಿಗಳು.

"ಹೌದು, ಇರಲಿಲ್ಲ" ಎಂದು ಅಜ್ಜಿ ಚೀಟಿ ಮಡಚಿ ಸೆರಗಿನ ಗಂಟಿಗೆ ಸೇರಿಸಿಕೊಂಡರು.