ವಿಂಡ್ ರಿವರ್ ಚಾರಣ: ಬೆನ್ನಿಗೆ ಬ್ಯಾಗು, ಪಿಸ್ತೂಲು ಎಲ್ಲಿಗೆ?

ಅಮೆರಿಕದ ವಯೋಮಿಂಗ್‌ನ ವಿಂಡ್ ರಿವರ್ ಬೆಟ್ಟಸಾಲಿಗೆ ಹೋಗುವವರಲ್ಲಿ ಬಹಳ ಜನ ದಕ್ಷಿಣದ ಬಿಗ್ ಸ್ಯಾಂಡಿ ಕಡೆಯಿಂದ ಹತ್ತುತ್ತಾರೆ. ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿ ಕಾರು ನಿಲ್ಲಿಸುವುದಕ್ಕೇ ಪರದಾಟ. ಜನಜಂಗುಳಿ ನನಗೆ ಆಗಿಬರುವುದಿಲ್ಲ. ಹಾಗಾಗಿ ನಾನು, ನಮ್ಮ ಯಜಮಾನರು, ನನ್ನ ತಮ್ಮ ಮೂವರೂ ಉತ್ತರ ತುದಿಯ ಗ್ರೀನ್ ರಿವರ್ ಲೇಕ್ಸ್‌ನಿಂದ ಹೊರಟೆವು. ಅಲ್ಲಿ ಜನ ಕಡಿಮೆ, ಆದರೆ ಅದು ಗ್ರಿಜ್ಲಿ ಕರಡಿಯ ಸೀಮೆ. ಪಿಸ್ತೂಲಿನ ಮಾತು ಬಂದಿದ್ದು ಅದಕ್ಕೇ.

ನಾನು ಕೊಡಗಿನವಳು, ಮನೆಯಲ್ಲಿ ಕೋವಿ ನೋಡಿಯೇ ಬೆಳೆದವಳು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವ ಮನೆ ನಮ್ಮದು. ಆದರೆ ಕೋವಿಯನ್ನು ಹೆಗಲಿಗೇರಿಸಿ ತೋಟ ಸುತ್ತುವುದೇ ಬೇರೆ, ಹದಿನಾಲ್ಕು ಕಿಲೋ ಬ್ಯಾಗು ಬೆನ್ನಿಗೆ ಹಾಕಿಕೊಂಡು ದಿನವಿಡೀ ಪಿಸ್ತೂಲು ಹೊರುವುದೇ ಬೇರೆ. ನಮ್ಮದು ಗ್ಲಾಕ್ 20, ಹತ್ತು ಎಂಎಂ. ಗುಂಡು ತುಂಬಿದರೆ ಒಂದು ಕಿಲೋ ದಾಟುತ್ತದೆ.

ಸಾಲ್ಟ್ ಲೇಕ್ ಸಿಟಿಯ ಒಂದು ಅಂಗಡಿಯವನು ಸೊಂಟಕ್ಕೆ ಕಟ್ಟುವ ಚರ್ಮದ ಹೋಲ್ಸ್ಟರ್, ಅಂದರೆ ಪಿಸ್ತೂಲಿನ ಒರೆ, ತೋರಿಸಿ, ಬ್ಯಾಗಿನ ಜೊತೆ ಇದರಷ್ಟು ಆರಾಮ ಬೇರೆ ಯಾವುದೂ ಇಲ್ಲ ಅಂತ ಹೇಳಿ ತೊಂಬತ್ತು ಡಾಲರ್ ತೆಗೆದುಕೊಂಡ. ಹೊರಡುವ ಮುಂಚೆ ಮನೆ ಹತ್ತಿರದ ವಾಸ್ಯಾಚ್ ಬೆಟ್ಟದಲ್ಲಿ ತುಂಬಿದ ಬ್ಯಾಗಿನೊಂದಿಗೆ ಹತ್ತಿ ನೋಡಿದೆವು. ಚಾರಣದ ಬ್ಯಾಗಿನ ಭಾರದಲ್ಲಿ ಬಹುಪಾಲು ಕೂರುವುದೇ ಸೊಂಟದ ಮೂಳೆಯ ಮೇಲೆ, ಹೋಲ್ಸ್ಟರ್ ಕೂರುವುದೂ ಅಲ್ಲೇ. ಒಂದು ಗಂಟೆ ನಡೆಯುವಷ್ಟರಲ್ಲಿ ಪಟ್ಟಿಯ ಅಡಿ ಸಿಕ್ಕಿಕೊಂಡ ಹೋಲ್ಸ್ಟರ್ ಒತ್ತಿ ಚರ್ಮ ಕೆಂಪಾಗಿ ಎದ್ದಿತ್ತು. ಪಿಸ್ತೂಲಿನ ಹಿಡಿ ಪಟ್ಟಿಯೊಳಗೆ ಹುದುಗಿ, ಬಕಲ್ ಬಿಚ್ಚದೆ ಕೈಗೆ ಸಿಗುವಂತೆಯೂ ಇರಲಿಲ್ಲ. ವಾಪಸ್ ಒಯ್ದರೆ, ಬಳಸಿದ ಚರ್ಮ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟ. ನೀವು ಅಂಗಡಿಗೆ ಹೋಗುವಾಗ ನಿಮ್ಮ ಬ್ಯಾಗನ್ನೇ ತುಂಬಿಸಿಕೊಂಡು ಹೋಗಿ. ಬೆನ್ನಿಗೆ ಹಾಕಿ, ಸೊಂಟದ ಪಟ್ಟಿ ಬಿಗಿದು, ಆಮೇಲೆ ಹೋಲ್ಸ್ಟರ್ ಕಟ್ಟಿ ನೋಡಿ.

ಹೋಲ್ಸ್ಟರನ್ನು ಬ್ಯಾಗಿನ ಪಟ್ಟಿಗೇ ಸಿಕ್ಕಿಸುವವರೂ ಇದ್ದಾರೆ. ಒತ್ತುವುದಿಲ್ಲ, ನಿಜ. ಆದರೆ ನೀರು ತರಲೋ, ಬಹಿರ್ದೆಸೆಗೋ ಹೋಗುವಾಗ ಬ್ಯಾಗು ಇಳಿಸಿಯೇ ಹೋಗುತ್ತೀರಿ, ಅದರ ಜೊತೆ ಪಿಸ್ತೂಲೂ ಅಲ್ಲೇ ಉಳಿಯುತ್ತದೆ. ಬ್ಯಾಗಿನ ಒಳಗೆ ಇಟ್ಟುಕೊಳ್ಳುವುದಂತೂ ಬರೀ ಭಾರ ಹೊತ್ತ ಹಾಗೆ.

ನಮಗೆ ಒಗ್ಗಿದ್ದು ಎದೆಗೆ ಕಟ್ಟುವ ಹೋಲ್ಸ್ಟರ್. ಮೊದಲು ಅದನ್ನು ಹಾಕಿ, ಮೇಲೆ ಬ್ಯಾಗು ಹಾಕಬೇಕು. ಆಗ ಬ್ಯಾಗು ಇಳಿಸಿದರೂ ಪಿಸ್ತೂಲು ಮೈಮೇಲೇ ಇರುತ್ತದೆ. ಬೆನ್ನಿನ ಮೇಲೆ ಪಟ್ಟಿಗಳು ಕೂಡುವ ಜಾಗದಲ್ಲಿ ದಪ್ಪ ಬಕಲ್ ಇದ್ದರೆ ಬ್ಯಾಗಿನ ಅಡಿ ಸಿಕ್ಕಿ ಬೆನ್ನು ಕೊರೆಯುತ್ತದೆ, ಚಪ್ಪಟೆಯದ್ದು ಆರಿಸಿ. ಪಕ್ಕೆಯ ಸುತ್ತ ಹೋಗುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರು ತುಂಬಿಸಲು ಬಗ್ಗಿದಾಗ ಹೋಲ್ಸ್ಟರ್ ಜೋತುಬೀಳುತ್ತದೆ. ಅಂಗಡಿಯ ಚಿತ್ರದಲ್ಲಿ ತೋರಿಸುವ ಹಾಗೆ ಎದೆಯ ನಡುವೆ ಕಟ್ಟಿದರೆ ಹೆಂಗಸರಿಗೆ ಆಗುವುದಿಲ್ಲ. ಎದೆಯ ಕೆಳಗೆ, ಪಕ್ಕೆಲುಬು ಕವಲೊಡೆಯುವಲ್ಲಿ ಓರೆಯಾಗಿ ಕೂರಿಸಿ, ಬ್ಯಾಗಿನ ಎದೆಪಟ್ಟಿಯನ್ನು ಮೇಲಕ್ಕೆ ಸರಿಸಿದ ಮೇಲೇ ನನಗೆ ಸರಾಗವಾಗಿ ಉಸಿರಾಡಲು ಆಗಿದ್ದು. ಕುದುರೆ, ಅಂದರೆ ಟ್ರಿಗರ್, ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರನ್ನೇ ತೆಗೆದುಕೊಳ್ಳಿ. ಬಲಗೈಯವರ ಹೋಲ್ಸ್ಟರಿನಲ್ಲಿ ನಳಿಗೆ ಎಡಕ್ಕೆ ತಿರುಗಿರುತ್ತದೆ, ಆದ್ದರಿಂದ ಜೊತೆಗಾರರು ಎಡಗಡೆ ನಡೆಯಬಾರದು. ಹೊರಗೆ ತೆಗೆಯುವ ಅಭ್ಯಾಸ ಮನೆಯಲ್ಲೇ ಆಗಲಿ, ಗುಂಡೆಲ್ಲ ತೆಗೆದು, ಬ್ಯಾಗು ಹೊತ್ತುಕೊಂಡು.

ತಮ್ಮ ಎಚ್-1ಬಿ ವೀಸಾದಲ್ಲಿದ್ದಾನೆ. ನಮ್ಮ ಕಡೆಯವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು: ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೊರಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಸ್ವಲ್ಪ ಹೊತ್ತು ಹಿಡಿದುಕೋ ಅಂತ ತಮ್ಮನ ಕೈಗೆ ಒಮ್ಮೆಯೂ ಕೊಡಲಿಲ್ಲ. ಅವನ ಎದೆಪಟ್ಟಿಯಲ್ಲಿ ಬೇರ್ ಸ್ಪ್ರೇ, ಅಂದರೆ ಕರಡಿ ಓಡಿಸುವ ಖಾರದ ಸ್ಪ್ರೇ, ಇತ್ತು, ನಮ್ಮಿಬ್ಬರ ಹತ್ತಿರವೂ ಒಂದೊಂದಿತ್ತು. ಮೊದಲು ಕೈ ಹೋಗಬೇಕಾದ್ದು ಅದಕ್ಕೇ. ಅಲಾಸ್ಕಾದ ಘಟನೆಗಳನ್ನು ಜಾಲಾಡಿದ 2008ರ ಅಧ್ಯಯನದಲ್ಲಿ ಕಂದು ಕರಡಿಗಳ (ಗ್ರಿಜ್ಲಿಯೂ ಇದೇ ಜಾತಿ) ಮೇಲೆ ಸ್ಪ್ರೇ ನೂರಕ್ಕೆ 92 ಸಲ ಕೆಲಸ ಮಾಡಿತ್ತು. ಅದೇ ತಂಡದವರ 2012ರ ಬಂದೂಕಿನ ಅಧ್ಯಯನದಲ್ಲಿ, ಗುಂಡು ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಗಾಬರಿಯಲ್ಲಿ ಗುರಿ ಹಿಡಿಯುವುದು ಅಷ್ಟು ಕಷ್ಟ. ವಿಮಾನದಲ್ಲಿ ಬರುವವರು ಸ್ಪ್ರೇಯನ್ನು ಲಗೇಜಿನಲ್ಲೂ ಹಾಕುವಂತಿಲ್ಲ, ಬಂದ ಮೇಲೆ ಕೊಳ್ಳಿ. ಪಿಸ್ತೂಲನ್ನು ಗುಂಡಿಲ್ಲದೆ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಹೇಳಿ, ಚೆಕ್-ಇನ್ ಲಗೇಜಿನಲ್ಲಿ ಕಳಿಸಬಹುದು.

2021ರಿಂದ ವಯೋಮಿಂಗ್‌ನಲ್ಲಿ ಹೊರ ರಾಜ್ಯದವರಿಗೂ, ವಯಸ್ಸಿನದ್ದೂ ಸೇರಿ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಪರವಾನಗಿ ಇಲ್ಲದೆ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಅವಕಾಶವಿದೆ. ಹಾಗಂತ ಎಲ್ಲ ಬಾಗಿಲೂ ತೆರೆದಿರುವುದಿಲ್ಲ. ಬೆಟ್ಟದ ಬುಡದ ಪಟ್ಟಣ ಪೈನ್‌ಡೇಲ್‌ನಲ್ಲಿ ಒಂದು ರಾತ್ರಿಗೆ 240 ಡಾಲರ್ ಸುರಿದು ಹಿಡಿದ ಕೋಣೆಯಲ್ಲಿ ಕಾರ್ಪೆಟ್ಟಿಗೆ ಒದ್ದೆ ನಾಯಿಯ ವಾಸನೆ, ಬಿಸಿನೀರು ಒಬ್ಬರಿಗೆ ಸಾಕಾಗುವಷ್ಟು. ಅದರ ಮೇಲೆ, ದುಡ್ಡು ಕಟ್ಟಿಸಿಕೊಂಡ ಮೇಲೇ ಇಲ್ಲಿ ಬಂದೂಕು ತರುವಂತಿಲ್ಲ ಅಂದರು. ಹೊರಗೆ ಬೋರ್ಡಿಲ್ಲ, ಬುಕಿಂಗ್ ಕಾಗದದಲ್ಲೂ ಇಲ್ಲ. ಕಾರಿನ ಸೀಟಿಗೆ ಉಕ್ಕಿನ ಕೇಬಲ್ಲಿನಿಂದ ಕಟ್ಟುವ ಸಣ್ಣ ಬೀಗದ ಪೆಟ್ಟಿಗೆ ಇದ್ದದ್ದರಿಂದ ಬಚಾವಾದೆವು. ನೀವೂ ಒಂದು ಒಯ್ಯಿರಿ. ಗ್ರ್ಯಾಂಡ್ ಟೀಟನ್ ನೋಡಿ ಬರುವವರಿಗೂ ಅದು ಬೇಕು: 2010ರಿಂದ ರಾಷ್ಟ್ರೀಯ ಉದ್ಯಾನದೊಳಗೆ ರಾಜ್ಯದ ಕಾನೂನಿನಂತೆ ಬಂದೂಕು ಇರಬಹುದು, ಆದರೆ ವಿಸಿಟರ್ ಸೆಂಟರ್ ಕಟ್ಟಡದ ಒಳಗೆ ಕೂಡದು.

ಆ ಕೋಣೆಯ ಸಿಟ್ಟು ಇಳಿದಿದ್ದು ಬೆಳಗ್ಗೆ, ಮುಖ್ಯ ಬೀದಿಯಲ್ಲಿ ನಿಂತಿದ್ದ ಒಂದು ಮೆಕ್ಸಿಕನ್ ತಿಂಡಿ ಗಾಡಿಯ ಮುಂದೆ. ತಾಯಿ ಮಗಳು ಇಬ್ಬರೇ ನಡೆಸುತ್ತಾರೆ. ಒಂಬತ್ತು ಡಾಲರಿಗೆ ಮೊಳಕೈ ಉದ್ದದ ಬುರಿಟೊ, ಒಳಗೆ ಹಸಿಮೆಣಸಿನ ಜೊತೆ ಬೆಂದು ಎಳೆಎಳೆಯಾದ ಹಂದಿಮಾಂಸ, ಮೊಟ್ಟೆ, ಆಲೂಗೆಡ್ಡೆ. ಮೊದಲ ತುತ್ತಿಗೇ ಕಾಚಂಪುಳಿ ಹಾಕದ ಪಂದಿ ಕರಿ ತಿಂದ ಹಾಗಾಯಿತು. ಇನ್ನೂ ಖಾರ ಬೇಕೆಂದಾಗ ಮಗಳು ಹುರಿದ ಒಣಮೆಣಸಿನ ಚಟ್ನಿಯ ಬಾಟಲಿಯನ್ನೇ ಕೈಗೆ ಕೊಟ್ಟಳು. ರೊಟ್ಟಿಯನ್ನು ನಮ್ಮ ಎದುರೇ ಕಲ್ಲಿನ ಮೇಲೆ ಬೇಯಿಸಿ ಸುತ್ತುತ್ತಿದ್ದರು. ಮೂರು ತಿಂದೆವು, ಮೂರು ಕಾಗದದಲ್ಲಿ ಕಟ್ಟಿಸಿಕೊಂಡೆವು. ತಣ್ಣಗಾದ ಮೇಲೂ ರುಚಿ ಕೆಟ್ಟಿರಲಿಲ್ಲ. ಬೆಟ್ಟದಿಂದ ಇಳಿದು ಮತ್ತೆ ಅಲ್ಲಿಗೇ ಹೋದೆವು. ಬೆಳಗ್ಗೆ ಬೇಗ ಹೋಗಿ, ಕೆಲಸದವರ ಸಾಲು ಬೆಳೆಯುವ ಮುಂಚೆ.

ಪೈನ್‌ಡೇಲ್‌ನಿಂದ ಚಾರಣ ಶುರುವಾಗುವ ಜಾಗದವರೆಗಿನ ದಾರಿಯಲ್ಲಿ ಕೊನೆಯ ಭಾಗ ಮಣ್ಣು ರಸ್ತೆ, ಕುಲುಕಾಟ ಜಾಸ್ತಿ. ಎರಡು ಕೆರೆಗಳ ಪಕ್ಕದಲ್ಲಿ ಸ್ಕ್ವೇರ್‌ಟಾಪ್ ಬೆಟ್ಟವನ್ನು ಎದುರಿಗಿಟ್ಟುಕೊಂಡು ನಡೆಯುವ ದಾರಿ ಬಹುಮಟ್ಟಿಗೆ ಸಪಾಟು, ಎದೆಯ ಮೇಲಿನ ಭಾರ ರೂಢಿಯಾಗಲು ಒಳ್ಳೆಯದು. ಊಟದ ಸಾಮಾನೆಲ್ಲ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿರಲಿ. ಕ್ಯಾಂಪಿನಲ್ಲಿ ಗುರಿ ಅಭ್ಯಾಸ ಮಾಡಬೇಡಿ, ಅರಣ್ಯ ಇಲಾಖೆಯ ನಿಯಮದಂತೆ ಟೆಂಟು ಹಾಕುವ ಜಾಗದ 150 ಗಜದೊಳಗೆ ಗುಂಡು ಹಾರಿಸುವಂತಿಲ್ಲ. ಜುಲೈನಲ್ಲಿ ಸೊಳ್ಳೆ ಕಾಟ ಸಹಿಸಲಾಗುವುದಿಲ್ಲ, ಆಗಸ್ಟ್ ಅರ್ಧ ಕಳೆಯಲಿ. ಸೆಪ್ಟೆಂಬರಿನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾದರೆ ಸತ್ತ ಪ್ರಾಣಿಯ ವಾಸನೆಗೆ ಕರಡಿಗಳು ಬರುತ್ತವೆ. ಆ ಕಾಲಕ್ಕೆ ಹೋಗುವವರು ಕಿತ್ತಳೆ ಬಣ್ಣದ ಅಂಗಿ ತೊಟ್ಟು, ತಿರುವುಗಳಲ್ಲಿ ಜೋರಾಗಿ ಮಾತಾಡುತ್ತಾ ನಡೆಯಿರಿ.